ಸೊಣ್ಣಮ್ಮನ ಎಲೆಯ ಉಸಿರು

ಅವರೆ ಗಿಡದ ಎಲೆ ಹಾಡುಹಗಲೇ ಉಂಡದ್ದನ್ನೆಲ್ಲ ಕಕ್ಕುತ್ತಿತ್ತು.

ಯಮುನಾ ಕಣ್ಣುಜ್ಜಿಕೊಂಡು ಮತ್ತೆ ಯಂತ್ರದ ಪರದೆ ನೋಡಿದಳು. ಬಿಸಿಲು ಚೆನ್ನಾಗಿದೆ, ಬುಡಕ್ಕೆ ನೀರಿದೆ, ಎಲೆಯ ಮೇಲೆ ಒಂದು ಚುಕ್ಕೆಯಷ್ಟೂ ರೋಗವಿಲ್ಲ. ಇಂಥ ಎಲೆ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತನ್ನ ಅಡುಗೆ ತಾನು ಮಾಡಿಕೊಳ್ಳಬೇಕು. ಯಂತ್ರದ ಅಂಕಿ ಮಾತ್ರ ಒಂದು ಗಳಿಗೆ ನಾಲ್ಕಾಳಿನ ಊಟ ಒಬ್ಬನೇ ಉಂಡಂತೆ ಮೇಲಕ್ಕೆ ನೆಗೆಯುತ್ತದೆ, ಮರುಗಳಿಗೆ ಸೊನ್ನೆಯಿಂದ ಕೆಳಗೆ ಬೀಳುತ್ತದೆ. ಈ ವಾರ ಪೂರ್ತಿ ಇದೇ ಗೋಳು.

ಚಂದಾಪುರದಿಂದ ಒಳಗೆ ಹೋದರೆ ವೆಂಕಟರಮಣಪ್ಪನವರ ಮೂರಂತಸ್ತಿನ ಬಾಡಿಗೆ ಕಟ್ಟಡ. ಅದರ ಹಿತ್ತಿಲಲ್ಲಿ, ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ, ಒಂದು ಪುಟ್ಟ ಬೀಜದ ಕಂಪನಿಯ ಪಾಲಿಹೌಸು. ಯಮುನಾಳ ಅವರೆಗೆ ಅಲ್ಲಿ ಸೊಣ್ಣಮ್ಮ ಎಂದೇ ಹೆಸರು. ಆನೇಕಲ್ ಕಡೆಯ ಸೊಣ್ಣಮ್ಮ ಎಂಬ ಅಜ್ಜಿ ಸೆರಗಿನ ಗಂಟಿನಿಂದ ಬಿಚ್ಚಿ ಕೊಟ್ಟ ಬೀಜ ಅದು. ಯಮುನಾ ವರ್ಷಗಟ್ಟಲೆ ಅದನ್ನು ಮಗುವಿನಂತೆ ಸಾಕಿದ್ದಾಳೆ. ನಾಳೆ ಕಂಪನಿಯ ಹಿರಿಯರು ಬರುತ್ತಾರೆ. ಮುಂದಿನ ಹಂಗಾಮಿಗೆ ರೈತರ ಹೊಲ ಮೆಟ್ಟುವುದು ಒಂದೇ ತಳಿ: ಸೊಣ್ಣಮ್ಮನೋ, ಸಹೋದ್ಯೋಗಿ ಸಿದ್ದರಾಜುವಿನ ಅಲಸಂದೆಯೋ. ಅಲಸಂದೆಯ ಅಳತೆ ಮುಗಿದು ಕೂತಿದೆ. ಅವರೆಯ ಅಳತೆ ಹೀಗೇ ಉಳಿದರೆ ಸೊಣ್ಣಮ್ಮನ ಕಥೆ ಮುಗಿದಂತೆ.

ಮುಗಿಸಿದವರು ಯಾರು?

"ಸಿದ್ದು, ನಿಜ ಹೇಳು. ಮಿಷಿನ್‌ಗೆ ಏನ್ ಮಾಡ್ದೆ?"

ಆರಡಿ ಸಿದ್ದರಾಜು ತಲೆ ಬಗ್ಗಿಸಿ ಪಾಲಿಹೌಸಿನ ಬಾಗಿಲು ದಾಟುತ್ತಿದ್ದವನು ಅಲ್ಲೇ ನಿಂತ.

"ನಾನಾ?"

"ಮತ್ಯಾರು? ನಿನ್ನ ಅಳತೆ ಮುಗಿಯೋವರೆಗೂ ಸರಿಯಾಗೇ ಇತ್ತು. ನಂದು ಶುರುವಾದ ತಕ್ಷಣ ಕೆಡ್ತು."

ಅವನು ಜಗಳಕ್ಕೆ ಬರಲಿಲ್ಲ. ಮುಖ ಸಪ್ಪಗಾಯಿತು. ಕೈಲಿದ್ದ ಎರಡು ಕಾಫಿ ಲೋಟಗಳಲ್ಲಿ ಒಂದನ್ನು ಅವಳ ಮೇಜಿನ ಮೇಲಿಟ್ಟು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ಯಮುನಾಳಿಗೆ ಎದೆ ಚುರುಕ್ಕೆಂದಿತು. ಆದರೂ ಕೋಪ ಇಳಿಯಲಿಲ್ಲ. ಫೋನು ತೆಗೆದು ಶಶಿಕಲಾ ಮೇಡಂಗೆ ಹಚ್ಚಿದಳು.

ಶಶಿಕಲಾ ಜಾಲಹಳ್ಳಿಯವರು. ಸರ್ಕಾರಿ ಕಾರ್ಖಾನೆಯಲ್ಲಿ ಆಯುಷ್ಯವೆಲ್ಲ ಅಳತೆಯ ಉಪಕರಣಗಳ ತಪ್ಪು ಹಿಡಿದು, ನಿವೃತ್ತಿಯಾದ ಮೇಲೂ ಸುಮ್ಮನಿರಲಾಗದೆ ಪೀಣ್ಯದಲ್ಲಿ ರಿಪೇರಿ ಅಂಗಡಿ ಇಟ್ಟವರು. ಕುಳ್ಳು ದೇಹ, ದಪ್ಪ ಕನ್ನಡಕ, ಚೀಲದ ತುಂಬ ಸ್ಕ್ರೂಡ್ರೈವರು ಮತ್ತು ಕೋಡುಬಳೆ. ಮೆಟ್ರೋ ಬದಲಿಸಿ ಬೊಮ್ಮಸಂದ್ರಕ್ಕೆ ಬಂದು, ಅಲ್ಲಿಂದ ಆಟೋದಲ್ಲಿ ಇಳಿದವರೇ ಕೇಳಿದರು:

"ಶವ ಎಲ್ಲಮ್ಮ?"

ಯಮುನಾ ನಗಲಿಲ್ಲ. ಯಂತ್ರದ ಮುಂದೆ ಕೂರಿಸಿದಳು. ಬಟ್ಟೆಯ ಕ್ಲಿಪ್ಪಿನ ಹಾಗೆ ಎಲೆಯನ್ನು ಕಚ್ಚಿಕೊಳ್ಳುವ ಪುಟ್ಟ ಡಬ್ಬಿ. ಹೊರಗಿನ ಗಾಳಿ ಕೊಳವೆಯಲ್ಲಿ ಬಂದು ಎಲೆಯ ಮೇಲೆ ಹಾಯುತ್ತದೆ. ಹಾಯುವ ಮುನ್ನ ಎಷ್ಟು ಡೈಆಕ್ಸೈಡ್ ಇತ್ತು, ಹಾಯ್ದ ಮೇಲೆ ಎಷ್ಟು ಉಳಿಯಿತು, ಕಳೆದರೆ ಎಲೆ ಉಂಡದ್ದೆಷ್ಟು ಎಂದು ಸಿಗುತ್ತದೆ. ದ್ಯುತಿಸಂಶ್ಲೇಷಣೆಯನ್ನು ಅಳೆಯುವ ಉಪಾಯ ಇಷ್ಟೇ.

"ಯಾವಾಗ ಕೆಡತ್ತೆ?"

"ಬಿಸಿಲೇರಿ ಫ್ಯಾನ್ ಹಾಕಿದ ಮೇಲೆ. ದಿನಾ ಹಾಗೇ."

"ಒಳಗೆ ಯಾರ್ಯಾರು ಬರ್ತಾರೆ?"

"ನಾನು, ಸಿದ್ದರಾಜು. ನೀರು ಹಾಕೋಕೆ ಓನರ್ ಹೆಂಡ್ತಿ ಮುನಿಯಕ್ಕ."

"ಓನರ್?"

"ವೆಂಕಟರಮಣಪ್ಪನೋರಾ? ಪಾಪ, ಅವರು ಒಳಗೆ ಕಾಲೇ ಇಡಲ್ಲ. ಗಿಡಕ್ಕೆ ದೃಷ್ಟಿಯಾಗತ್ತಂತೆ."

ಅಷ್ಟರಲ್ಲಿ ವೆಂಕಟರಮಣಪ್ಪನವರೇ ಬಾಗಿಲ ಹೊರಗೆ ಪ್ರತ್ಯಕ್ಷರಾದರು. ಗಿರಿಜಾ ಮೀಸೆ, ಹೆಗಲ ಮೇಲೆ ಟವೆಲ್ಲು, ಕುಳ್ಳಾದರೂ ಗತ್ತಿಗೆ ಕಮ್ಮಿ ಇಲ್ಲ. ದವಡೆಯಲ್ಲಿ ಏನನ್ನೋ ಚೀಪುತ್ತಿದ್ದರು.

"ಯಾರ್ ಮೇಡಮ್ಮೋರೆ ಅಂಗ್ ಮಾಡಿದ್ದು? ನಮ್ ಜಾಗದಾಗೆ ಇಂತಾ ಕೆಲ್ಸ ನಡೀಬಾರ್ದು. ಕಂಡುಹಿಡೀರಿ, ನಾನ್ ಇಚಾರುಸ್ಕಂತೀನಿ." ದನಿ ಒಡೆದ ತಮಟೆಯಂತಿತ್ತು.

"ಗಂಟಲಿಗೆ ಏನಾಯ್ತು, ಯಜಮಾನ್ರೇ?"

"ತಂಡಿ ಕಣಮ್ಮ. ಬಾಯಾಗೆ ಜೇಷ್ಠಮಧು ಮಡಿಕಂಡಿವ್ನಿ." ಹೇಳಿದವರೇ ಹೊರಟುಹೋದರು.

ಮುನಿಯಕ್ಕ ನೀರಿನ ಪೈಪು ಎಳೆದುಕೊಂಡು ಬಂದಳು. ಶಶಿಕಲಾ ಅವಳಿಗೆ ಒಂದು ಕೋಡುಬಳೆ ಕೊಟ್ಟು ಮಾತಿಗೆ ಎಳೆದರು.

"ಅಕ್ಕಾ, ಈ ಗಿಡಕ್ಕೆ ನೀರು ಬಿಟ್ಟು ಬೇರೆ ಏನಾದ್ರೂ ಹಾಕ್ತೀಯಾ?"

"ನಾನ್ಯಾಕ್ ಆಕ್ಲಿ? ಈ ಹುಡ್ಗಿ ಅದಕ್ಕೆ ಒಂದ್ ಎಲೆ ಕೀಳಕ್ಕೂ ಬಿಡಕಿಲ್ಲ. ಒಂದ್ ದಪ ಸಾರಿಗೆ ಅಂತ ಒಂದ್ ಇಡಿ ಕಾಯ್ ಕೇಳಿದ್ದಕ್ಕೆ ಅತ್ತೇಬಿಟ್ಲು."

"ಹಿಂದಿನ ಓಣಿ ಕಡೆ ಹೋಗ್ತೀಯಾ?"

ಮುನಿಯಕ್ಕ ಹೌಹಾರಿದಳು. "ಅಯ್ಯೋ, ಅಲ್ಲಿ ಆವೈತೆ ಕಣಮ್ಮ. ನಾಗರಾವು. ಯಾರೂ ಓಗಕಿಲ್ಲ."

"ಹೌದು ಮೇಡಂ," ಎಂದಳು ಯಮುನಾ. "ಯಾರೂ ಓಡಾಡಲ್ಲ ಅಂತಾನೇ ಗಾಳಿ ಕೊಳವೆ ಅಲ್ಲಿಗೆ ಬಿಟ್ಟಿರೋದು. ಮೊದಲು ಛಾವಣಿ ಮೇಲೆ ಕಂಬದಲ್ಲಿತ್ತು. ಹೋದ ವಾರ ಗಾಳಿಗೆ ಕಂಬ ಮುರೀತು. ಆಗ ಸಿದ್ದರಾಜು ಹಿಂದಿನ ಸೂರಿಗೆ ಕಟ್ಟಿದ. ಆಮೇಲೆ ಹಾವಿನ ಸುದ್ದಿ ಬಂತು, ನಾವೂ ಆ ಕಡೆ ತಲೆ ಹಾಕಿಲ್ಲ."

"ಹಾವು ನೋಡಿದೋರು ಯಾರು?"

"ನಮ್ ಯಜಮಾನ್ರು," ಎಂದಳು ಮುನಿಯಕ್ಕ.

ಶಶಿಕಲಾ ಹೂಂ ಎಂದರು, ಅಷ್ಟೇ. ಎದ್ದು ಫ್ಯಾನಿನ ಗುಂಡಿ ಒತ್ತಿದರು. ಗೋಡೆಯಗಲದ ಫ್ಯಾನು, ಹಾಕಿದರೆ ಪಕ್ಕದವರು ಕೂಗಿದರೂ ಕೇಳಿಸದು. ಸ್ವಲ್ಪ ಹೊತ್ತಿಗೆ ಅಂಕಿ ಮತ್ತೆ ಕುಣಿಯಿತು. ಶಶಿಕಲಾ ಡಬ್ಬಿಯ ಬಾಯಿ ಬಿಡಿಸಿ ಸೊಣ್ಣಮ್ಮನ ಎಲೆಯನ್ನು ಮೆಲ್ಲಗೆ ಹೊರತೆಗೆದರು. ಚೀಲ ತಡಕಾಡಿ ಯಾರದೋ ಗೃಹಪ್ರವೇಶದ ಕಾರ್ಡು ತೆಗೆದು, ಒಂದು ತುಂಡು ಹರಿದು, ಎಲೆಯ ಜಾಗಕ್ಕೆ ಕಚ್ಚಿಸಿದರು.

ಅಂಕಿ ಮೇಲೆ ಹೋಯಿತು. ಕೆಳಗೆ ಬಿತ್ತು. ಮತ್ತೆ ಮೇಲೆ ಹೋಯಿತು.

"ನೋಡಮ್ಮ," ಎಂದು ಶಶಿಕಲಾ ಯಮುನಾಳ ಕಿವಿಯ ಹತ್ತಿರ ಕೂಗಿದರು, "ಗೃಹಪ್ರವೇಶದ ಕಾರ್ಡು ದ್ಯುತಿಸಂಶ್ಲೇಷಣೆ ಮಾಡ್ತಿದೆ."

ಯಮುನಾ ಬಾಯಿಬಿಟ್ಟುಕೊಂಡು ನಿಂತಳು. ವಾರದಿಂದ ಮೊದಲ ಸಲ ಅವಳಿಗೆ ನಗು ಬಂತು. ಎಲೆಯ ತಪ್ಪಲ್ಲ. ಸೊಣ್ಣಮ್ಮನ ತಪ್ಪೇ ಅಲ್ಲ.

ಶಶಿಕಲಾ ಪರದೆಯಲ್ಲಿ ಇನ್ನೊಂದು ಗೆರೆಯನ್ನು ತೆರೆದರು. ವ್ಯತ್ಯಾಸದ ಗೆರೆಯಲ್ಲ, ಬರೀ ಒಳಬರುವ ಗಾಳಿಯ ಗೆರೆ. ಅದು ನೆಟ್ಟಗೆ ಇರಬೇಕಿತ್ತು. ಇರಲಿಲ್ಲ. ಒಂದು ಗುಡ್ಡ, ಸ್ವಲ್ಪ ಬಯಲು, ಮತ್ತೆ ಗುಡ್ಡ, ಮತ್ತೆ ಬಯಲು. ಒಂದೆಡೆ ಮಾತ್ರ ಒಂದೇ ಅಚ್ಚಿನ ಎರಡು ಗುಡ್ಡಗಳು ನಡುವೆ ಬಿಡುವೇ ಇಲ್ಲದೆ ಅಂಟಿಕೊಂಡಿದ್ದವು. ಅದನ್ನು ನೋಡುತ್ತ ನೋಡುತ್ತ ಶಶಿಕಲಾ ಅವರ ಭುಜ ಕುಲುಕತೊಡಗಿತು. ನಗುತ್ತಿದ್ದರು!

"ಫ್ಯಾನ್ ಆರಿಸಬೇಡಿ," ಎಂದವರೇ ಓಣಿಯ ಕಡೆ ಹೊರಟರು.

"ಮೇಡಂ, ಹಾವು!"

"ಬರ್ಲಿ ಬಿಡಮ್ಮ, ಕೋಡುಬಳೆ ಇದೆ."

ತಿರುಗಿ ಬಂದಾಗ ಸೆರಗಿನ ತುದಿಯಿಂದ ಕಣ್ಣೀರು ಒರೆಸಿಕೊಳ್ಳುತ್ತಿದ್ದರು. ಹೆದರಿಕೆಯ ಕಣ್ಣೀರಂತೂ ಅಲ್ಲ. ಫ್ಯಾನು ಆರಿಸಿ, ಎಲ್ಲರನ್ನೂ ಕಟ್ಟೆಯ ಹತ್ತಿರ ಕರೆದರು. ಸಿದ್ದರಾಜು ಮುಖ ಊದಿಸಿಕೊಂಡೇ ಕೂತಿದ್ದ. ಮುನಿಯಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು. ವೆಂಕಟರಮಣಪ್ಪ ಎಲ್ಲರಿಗಿಂತ ಕೊನೆಗೆ, ಟವೆಲ್ಲಿನಿಂದ ಬೆವರೊರೆಸಿಕೊಳ್ಳುತ್ತ ಬಂದರು.

"ಸಿದ್ದರಾಜು, ಏಳಪ್ಪ. ಕೊಳವೆ ತುದಿಗೆ ಏನು ಹಾಕಿದ್ದೆ?"

"ಧೂಳು ಬರದಂಗೆ ಸ್ಪಂಜು ಮೇಡಂ. ಕಪ್ಪು ಸ್ಪಂಜು, ದುಂಡಗೆ. ಸೂರಿಗೆ ಎತ್ತರದಲ್ಲಿ ಕಟ್ಟಿದ್ದೆ."

"ಈಗ ಅದು ಕೆಳಗೆ ಇಳಿಬಿದ್ದಿದೆ. ನಿನ್ನ ಎದೆಗೆ ಬರತ್ತೆ. ನೀನು ಅದರೊಳಗೆ ಊದಬೇಕು ಅಂದ್ರೆ ಮಂಡಿಯೂರಬೇಕು. ನನ್ನಂಥ ಕುಳ್ಳಿಗೆ ಸರಿಯಾಗಿ ಬಾಯಿಗೇ ಬರತ್ತೆ." ಶಶಿಕಲಾ ಒಂದು ಕೋಡುಬಳೆ ಮುರಿದರು. "ಮನುಷ್ಯ ಬಿಡೋ ಉಸಿರಲ್ಲಿ ಹೊರಗಿನ ಗಾಳಿಗಿಂತ ನೂರುಪಟ್ಟು ಡೈಆಕ್ಸೈಡ್ ಇರತ್ತೆ. ಯಾರೋ ಆ ಸ್ಪಂಜಿಗೆ ಬಾಯಿಟ್ಟು ಉಸಿರು ಬಿಡ್ತಿದಾರೆ. ಆ ಉಸಿರು ಮೊದಲ ಅಳತೆಗೆ ಸಿಕ್ಕಿದಾಗ ಎಲೆ ವಿಪರೀತ ತಿಂದ ಹಾಗೆ ಕಾಣತ್ತೆ. ಎರಡನೇ ಅಳತೆಗೆ ಸಿಕ್ಕಿದಾಗ ಕಕ್ಕಿದ ಹಾಗೆ. ನೀವೆಲ್ಲ ಎಲೆ ತಿಂದ ಲೆಕ್ಕ ನೋಡಿದ್ರಿ. ಎಲೆಗೆ ಬಡಿಸಿದ ಗಾಳಿನ ಯಾರೂ ನೋಡ್ಲಿಲ್ಲ."

"ಯಾರು ಮೇಡಂ?" ಎಂದಳು ಯಮುನಾ.

"ಆ ಸ್ಪಂಜು ಮೂಸಿದೆ. ಜೇಷ್ಠಮಧು ವಾಸನೆ."

ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿತು. ವೆಂಕಟರಮಣಪ್ಪನವರ ದವಡೆ ಚೀಪುವುದನ್ನು ನಿಲ್ಲಿಸಿತು.

"ಹಾವು ನೋಡಿದ್ದು ಒಬ್ಬರೇ. ಹಾವಿರೋ ಓಣಿಗೆ ಹೆದರದೆ ಹೋಗೋರೂ ಅವರೊಬ್ಬರೇ. ಯಾರೂ ಬರದ ಜಾಗ ಯಂತ್ರಕ್ಕೂ ಬೇಕಿತ್ತು, ಯಜಮಾನ್ರಿಗೂ ಬೇಕಿತ್ತು. ಫ್ಯಾನ್ ಹಾಕಿದ್ರೆ ಅವರ ದನಿ ಯಾರಿಗೂ ಕೇಳಿಸಲ್ಲ. ಇನ್ನು ಆ ಗುಡ್ಡ-ಬಯಲು. ನಮ್ಮ ಕಾರ್ಖಾನೆ ರಾಜ್ಯೋತ್ಸವದ ನಾಟಕಗಳಿಗೆ ಪರದೆ ಹಿಂದೆ ನಿಂತು ಮಾತು ಹೇಳಿಕೊಡ್ತಿದ್ದೋಳು ನಾನು. ಸ್ಟೇಜಿನ ಮೇಲಿಂದ ಮೈಕು ಇಳಿಬಿಟ್ಟಿರ್ತಾರೆ. ಪಾತ್ರಧಾರಿ ಮೈಕಿನ ಹತ್ತಿರ ಬಂದು ಪದ್ಯ ಹಾಡ್ತಾನೆ, ಹಿಂದೆ ಸರಿದು ಮಾತು ಹೇಳ್ತಾನೆ, ಮತ್ತೆ ಬರ್ತಾನೆ. ಕಪ್ಪು ಸ್ಪಂಜು, ಮೇಲಿಂದ ಇಳಿದ ವೈರಿನಂಥ ಕೊಳವೆ. ಏನು ಯಜಮಾನ್ರೇ, ಮೈಕು ಅಂದ್ಕೊಂಡ್ರಾ?"

ವೆಂಕಟರಮಣಪ್ಪ ಟವೆಲ್ಲನ್ನು ಮುಖಕ್ಕೆ ಹಿಡಿದುಕೊಂಡರು.

"ನಿಮ್ಮಂತಾವ್ರದ್ದು ಏನೋ ರೆಕಾಡು ಮೈಕು ಅನ್ಕಂಡೆ. ಸ್ವಿಚ್ಚು ಇಲ್ದೆ ಇದ್ರೂ ಅಭ್ಯಾಸಕ್ಕೆ ಆಯ್ತದೆ ಅಂತ ಕೆಳೀಕ್ ಎಳ್ಕಂಡೆ. ತಪ್ಪಾಯ್ತು ತಾಯಿ. ನಿನ್ನ ಗಿಡದ ಉಸಿರಿಗೇ ಕೈ ಆಕಿವ್ನಿ ಅಂತ ಗೊತ್ತಿರ್ನಿಲ್ಲ."

"ಅದಕ್ಕ್ಯಾಕೆ ಕದ್ದು ಮುಚ್ಚಿ?" ಎಂದಳು ಮುನಿಯಕ್ಕ. "ಊರ್ ನಾಟ್ಕದಾಗೆ ಪಾತ್ರ ಸಿಕ್ರೆ ಮನೇಲಿ ಯೋಳಕಿಲ್ವಾ? ಯಾವ ಪಾತ್ರ?"

ವೆಂಕಟರಮಣಪ್ಪ ನೆಲ ನೋಡಿದರು.

"ಪಟ್ಟದ್ ರಾಣೀದು."

ಸಿದ್ದರಾಜು ಕೆಮ್ಮಿದ. ಯಮುನಾ ತುಟಿ ಕಚ್ಚಿಕೊಂಡಳು.

"ಆರ್ಮೋನಿಯಂ ಮೇಷ್ಟ್ರು ನನ್ ಗಂಟ್ಲೇ ಅದಕ್ಕೆ ಸರಿ ಅಂದ್ರು. ಮೀಸೆ ತೆಗೀಬೇಕು. ಬಾಡಿಗೆಯೋರ್ ಮುಂದೆ, ನಿನ್ ಮುಂದೆ, ಎಂಗೆ ಯೋಳ್ಲಿ?"

ಮುನಿಯಕ್ಕ ನಗಲಿಲ್ಲ. ಗಂಡನ ಕೈಯಿಂದ ಟವೆಲ್ಲು ಕಿತ್ತುಕೊಂಡು ಅವರ ಹೆಗಲಿಗೆ ಸೆರಗಿನಂತೆ ಹೊದಿಸಿದಳು. "ಮಾವನೋರು ರಾಣಿ ಪಾತ್ರ ಮಾಡ್ತಿದ್ರು. ಅದ ನೋಡಕ್ಕೆ ಅಂತ್ಲೇ ನಾನು ಮೊದ್ಲು ಈ ಊರ್ಗೆ ಬಂದಿದ್ದು. ನಿನ್ನ ನೋಡಿದ್ದೂ ಅವತ್ತೇ. ಮೀಸೆ ನಾನೇ ಬೋಳುಸ್ತೀನಿ, ಬಾ."

ಆಮೇಲೆ ಕೆಲಸ ಚಕಚಕ ನಡೆಯಿತು. ಸಿದ್ದರಾಜು ಏಣಿಯಿಲ್ಲದೆಯೇ ಕೊಳವೆಯನ್ನು ಸೂರಿಗೆ ಮತ್ತೆ ಕಟ್ಟಿದ. ಶಶಿಕಲಾ ಕೊಳವೆಯ ನಡುವೆ ಒಂದು ಖಾಲಿ ನೀರಿನ ಕ್ಯಾನು ಸೇರಿಸಿದರು. ಹೊರಗಿನ ಗಾಳಿ ಮೊದಲು ಅದರಲ್ಲಿ ಬೆರೆತು ಹದವಾಗಿ ಆಮೇಲೆ ಎಲೆಗೆ ಹೋಗಲಿ ಎಂದು. ಯಮುನಾ ಕ್ಯಾನು ಹಿಡಿದು ನಿಂತಿದ್ದವಳು ಮೆತ್ತಗೆ ಹೇಳಿದಳು:

"ಸಿದ್ದು, ನಿನ್ನ ಮೇಲೆ ಅನುಮಾನ ಪಟ್ಟಿದ್ದು ತಪ್ಪಾಯ್ತು ಕಣೋ."

"ಬಿಡೇ. ಕಾಫಿ ಮಾತ್ರ ಆರೋಯ್ತು. ಅದು ನೀನೇ ಕೊಡಿಸ್ಬೇಕು."

ಎಲೆಯನ್ನು ಮತ್ತೆ ಕಚ್ಚಿಸಿದರು. ಗೆರೆ ನೆಟ್ಟಗಾಯಿತು. ಅಂಕಿ ಏರಿತು, ನಿಂತಿತು. ಸಿದ್ದರಾಜು ಬಗ್ಗಿ ನೋಡಿ, ತನ್ನ ಅಲಸಂದೆಯ ಅಂಕಿಯನ್ನು ನೆನೆದು, ಶಿಳ್ಳೆ ಹಾಕಿದ.

"ಸೊಣ್ಣಮ್ಮ ನನ್ನ ಮಕಾಡೆ ಮಲಗಿಸಿಬಿಟ್ಲಲ್ಲೇ."

ಯಮುನಾಳಿಗೆ ಅಳು ನಗು ಒಟ್ಟಿಗೇ ಬಂದವು. ಗಿಡದ ಬುಡದ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡಳು.

"ಇನ್ನೊಂದು ಪರೀಕ್ಷೆ ಬಾಕಿ ಇದೆ," ಎಂದರು ಶಶಿಕಲಾ. "ಫ್ಯಾನ್ ಬೇಡ. ಯಜಮಾನ್ರೇ, ಓಣಿಲಿ ನಿಂತು ಗಂಟಲು ಬಿಚ್ಚಿ ಹಾಡಿ. ಗೆರೆ ಅಲ್ಲಾಡತ್ತಾ ನೋಡೋಣ."

ವೆಂಕಟರಮಣಪ್ಪ ನಾಚಿಕೊಂಡರು. ಮುನಿಯಕ್ಕ ಬೆನ್ನಿಗೆ ಒಂದು ತಳ್ಳು ತಳ್ಳಿದಳು. ಗೋಡೆಯ ಆಚೆಯಿಂದ ಒಡಕು ದನಿ ಎದ್ದಿತು, ತಡವರಿಸಿತು, ಆಮೇಲೆ ದಾರಿ ಸಿಕ್ಕಿದಂತೆ ಏರುತ್ತ ಹೋಯಿತು. ರಾಣಿ ತನ್ನ ಮಗನನ್ನು ಯುದ್ಧಕ್ಕೆ ಕಳುಹಿಸುವ ಪದ್ಯ. ಮಹಡಿಗಳ ಕಿಟಕಿ ಒಂದೊಂದಾಗಿ ತೆರೆದವು. ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಬಾಡಿಗೆಯವರು ಕೂದಲು ಕೆದರಿಕೊಂಡು ಇಣುಕಿದರು. ಯಾರೂ ನಗಲಿಲ್ಲ. ಪದ್ಯ ಮುಗಿಯಿತು.

ಯಮುನಾ ಪರದೆ ನೋಡಿದಳು. ಗೆರೆ ಕೂದಲೆಳೆಯಷ್ಟೂ ಅಲುಗಿರಲಿಲ್ಲ.

"ಮೇಡಂ, ಆ ಎರಡು ಅಂಟಿಕೊಂಡ ಗುಡ್ಡ ಏನು ಅಂತ ಹೇಳ್ಲೇ ಇಲ್ಲ. ಅದೇ ಪದ್ಯನ ತಕ್ಷಣ ಇನ್ನೊಂದ್ಸಲ ಯಾಕೆ ಹಾಡಿದ್ರು?"

ಶಶಿಕಲಾ ಬಾಯಿ ತೆರೆಯುವಷ್ಟರಲ್ಲಿ ಉತ್ತರ ಬೇರೆ ಕಡೆಯಿಂದ ಬಂತು. ಮುನಿಯಕ್ಕ ನೀರಿನ ಪೈಪು ಕೆಳಗೆ ಬಿಟ್ಟು, ಎರಡೂ ಅಂಗೈಯನ್ನು ಬಾಯಿಗೆ ಹಿಡಿದು, ಇಡೀ ಬೀದಿಗೆ ಕೇಳುವಂತೆ ಕೂಗಿದಳು:

"ಒನ್ಸ್ ಮೋರ್!"