ನಾಲ್ಕನೆಯ ದೋಣಿಯ ಪೆನ್ಸಿಲ್ ಗೆರೆ

ಈ ಕಥೆಯನ್ನು ಮೊದಲು ಹೇಳಿದವರು ಹಾಯಿದೋಣಿಗಳನ್ನು ದಡಕ್ಕೆತ್ತಿ ನಿಲ್ಲಿಸುವ ಅಂಗಳದಲ್ಲಿ ಮೂವತ್ತೊಂದು ವರ್ಷ ಕ್ರೇನ್ ನಡೆಸಿದವರು. ಹೇಳಿದ್ದು ಅವರ ನಿವೃತ್ತಿಗೆ ಆರು ದಿನ ಉಳಿದಿದ್ದಾಗ, ಒಂದು ಗುರುವಾರ ಮಧ್ಯಾಹ್ನ, ಹಾಯಿ ಹೊಲಿಯುವ ಶೆಡ್ಡಿನಲ್ಲಿ. ಕೇಳಿದವರು ಎಂಟು ಮಂದಿ. ಶೆಡ್ಡಿನ ಒಡತಿಯಾದ ಹಾಯಿ ಹೊಲಿಯುವ ಅಕ್ಕ ನಡುನಡುವೆ ತಿದ್ದುತ್ತಿದ್ದರು. ಅವರ ಪಾಠ ಬೇರೆಯಾಗುವ ಕಡೆ ಅದನ್ನು ಸೂಚಿಸಿದೆ. ಕಥೆಯಲ್ಲಿ ಬರುವ ಪರೀಕ್ಷಕಿ, ಹೇಳಿದವರ ಸ್ವಂತ ಅಕ್ಕನ ಮಗಳು. ಆದ್ದರಿಂದ ತಾವು ಕಣ್ಣಾರೆ ಕಾಣದ ಭಾಗವನ್ನು ಅವರು ಅವಳ ಬಾಯಿಂದಲೇ ಕೇಳಿದ್ದರು.

ದೋಣಿ ಕೊಳ್ಳುವವರು ಮಾತು ಮುಗಿಸುವ ಮೊದಲು ಪರೀಕ್ಷಕಿಯನ್ನು ಕರೆಸುತ್ತಾರೆ. ಆಕೆ ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಸುತ್ತಿಗೆಯಿಂದ ದೋಣಿಯ ಮೈಯನ್ನು ಗೇಣುಗೇಣಾಗಿ ತಟ್ಟುತ್ತಾಳೆ. ಗಟ್ಟಿಯಿದ್ದ ಕಡೆ ‘ಟಣ್’ ಎನ್ನುತ್ತದೆ. ಫೈಬರಿನ ಪದರ ಬಿಟ್ಟ ಕಡೆ ‘ಡಬ್’ ಎನ್ನುತ್ತದೆ. ಹದಿನಾಲ್ಕು ವರ್ಷಗಳಲ್ಲಿ ಆಕೆಯ ಕಿವಿ ತಪ್ಪಿದ್ದನ್ನು ಆ ಅಂಗಳದಲ್ಲಿ ಯಾರೂ ಕಂಡಿರಲಿಲ್ಲ.

ಈ ಸಲ ಆಕೆಯನ್ನು ಕರೆಸಿದಾತ ಹಲ್ಲಿನ ಡಾಕ್ಟರು. ಹನ್ನೆರಡು ವರ್ಷ ಬೇರೆಯವರ ಬಾಯೊಳಗೆ ಇಣುಕಿ ಸಾಕಾಗಿ, ಕ್ಲಿನಿಕ್ಕನ್ನು ಗೆಳೆಯನಿಗೆ ಒಪ್ಪಿಸಿ, ಎರಡು ವರ್ಷದ ಸಮುದ್ರಯಾನಕ್ಕೆ ಒಬ್ಬನೇ ಹೊರಡಲು ನಿಶ್ಚಯಿಸಿದ್ದ. ಆತನಿಗೆ ಬೇಕಾಗಿದ್ದದ್ದು ಕಾರ್ಖಾನೆಯಲ್ಲಿ ಒಂದೇ ಅಚ್ಚಿನಿಂದ ನೂರಾರು ತೆಗೆದ ಮಾದರಿಯ ದೋಣಿ. ಅಂಥದ್ದಾದರೆ ಯಾವ ಬಂದರಿನಲ್ಲಿ ಕೆಟ್ಟರೂ ಬಿಡಿಭಾಗ ಸಿಗುತ್ತದೆ.

ಮೊದಲ ದಿನ ಆತ ದೋಣಿಯ ನೆರಳಿನಲ್ಲಿ ಆಕೆಯ ಹಿಂದೆಯೇ ಬಗ್ಗಿ ಬಂದ.

“ತುಂಬಾ ಚೆನ್ನಾಗಿದೆ ಅಲ್ವಾ ಮೇಡಂ?”

“ಸ್ವಲ್ಪ ಬಾಯಿ ಮುಚ್ಕೊಂಡಿರ್ತೀರಾ? ಕೇಳಿಸ್ಕೋಬೇಕು.”

“ನಮ್ಮ ಕೆಲಸದಲ್ಲಿ ಬಾಯಿ ತೆಗೀರಿ ಅಂತೀವಿ.”

ಆಕೆ ನಗಲಿಲ್ಲ. ಆದರೆ ಸುತ್ತಿಗೆ ಒಂದು ತಾಳ ತಪ್ಪಿತು. ಕ್ರೇನಿನ ಮೇಲಿದ್ದ ಮಾವನಿಗೆ, ಅಂದರೆ ಈ ಕಥೆ ಹೇಳಿದವರಿಗೆ, ಅದು ಕೇಳಿಸಿತು.

ಆ ದೋಣಿಯ ಒಳಗು ಮದುವೆಮನೆಯ ಹಜಾರದಂತಿತ್ತು. ಹಿಂಬದಿಯಲ್ಲಿ ಎರಡು ಅಗಲವಾದ ಹಾಸಿಗೆಗಳು. ಗಾಜಿನ ಬಾಗಿಲ ಕಪಾಟುಗಳು. ಡಾಕ್ಟರು ಮನಸೋತು ನಿಂತಿದ್ದ.

“ಕಣ್ಣು ಮುಚ್ಚಿ,” ಎಂದಳು ಆಕೆ. “ಎಡಗೈ ಬೆನ್ನ ಹಿಂದೆ. ಮೆಟ್ಟಿಲಿಂದ ಮುಂದಿನ ಕೋಣೆವರೆಗೂ ನಡೀರಿ.”

“ಯಾಕೆ?”

“ಅಲೆ ಎದ್ದಾಗ ಹೀಗೇ ನಡೆಯೋದು. ಕೈಗೆ ಹಿಡಿ ಸಿಗದಿದ್ರೆ ಪಕ್ಕೆಲುಬು ಮುರಿಯುತ್ತೆ.”

ಆತ ನಡೆದ. ಒಂದು ಹೆಜ್ಜೆ, ಎರಡು, ಮೂರು. ಬಲಗೈ ಗಾಳಿಯಲ್ಲಿ ತಡಕಾಡಿತು. ಹಿಡಿಯಲು ಏನೂ ಇರಲಿಲ್ಲ. ನಾಲ್ಕನೆಯ ಹೆಜ್ಜೆಯಲ್ಲಿ ಆತ ವಾಲಿದ. ಬೆರಳುಗಳು ಏನನ್ನೋ ಗಟ್ಟಿಯಾಗಿ ಹಿಡಿದವು.

“ಸಿಕ್ತು.”

“ಅದು ಬೋಟಿಂದಲ್ಲ,” ಎಂದಳು ಆಕೆ. ಅದು ಆಕೆಯ ಮಣಿಕಟ್ಟು.

“ಗೊತ್ತು,” ಎಂದ ಆತ, ಕಣ್ಣು ತೆರೆಯದೆ. ಕೈಯನ್ನು ತಕ್ಷಣಕ್ಕೇನೂ ತೆಗೆಯಲಿಲ್ಲ.

ಆ ದೋಣಿ ಬೇಡವಾಯಿತು. ಎರಡನೆಯದರಲ್ಲಿ ಚುಕ್ಕಾಣಿ ಸಡಿಲವಾಗಿತ್ತು. ಮೂರನೆಯದರ ಡೆಕ್ಕಿನ ಒಳಪದರಕ್ಕೆ ನೀರಿಳಿದು ಮರ ನೆನೆದುಹೋಗಿತ್ತು. ಪ್ರತಿಯೊಂದಕ್ಕೂ ಆಕೆ ಎರಡು ಪುಟದ ವರದಿ ಬರೆದಳು. ಅದರ ಒಂದೊಂದು ಮಾತೂ ನಿಜವಾಗಿತ್ತು. ಪ್ರತಿಯೊಂದರ ನಂತರವೂ ಇಬ್ಬರೂ ಫ್ಲಾಸ್ಕಿನ ಒಂದೇ ಮುಚ್ಚಳದಲ್ಲಿ ಸರದಿಯಂತೆ ಕಾಫಿ ಕುಡಿದರು. ಆತ ಕುಡಿದ ಅಂಚನ್ನು ಆಕೆ ತಿರುಗಿಸಿಕೊಳ್ಳುತ್ತಿದ್ದಳು. ಮೂರನೆಯ ಸಲ ತಿರುಗಿಸಲಿಲ್ಲ. ಆತ ಅದನ್ನು ನೋಡಿದ. ತಾನು ನೋಡಿದ್ದನ್ನು ಆಕೆ ನೋಡಿದಳೆಂದು ತಿಳಿದು, ಸಮುದ್ರದ ಕಡೆ ಮುಖ ತಿರುಗಿಸಿದ.

ಅಂಗಳದಲ್ಲಿ ಮಾತು ಹುಟ್ಟಲು ಇಷ್ಟು ಸಾಕಾಯಿತು. ಒಂದು ದಿನ ಹಾಯಿ ಹೊಲಿಯುವ ಅಕ್ಕ ಆಕೆಯನ್ನು ತಡೆದು ಕೇಳಿಯೇಬಿಟ್ಟರು.

“ಏನಮ್ಮಾ, ಮೂರಾಯ್ತು. ನಾಲ್ಕನೇದಕ್ಕೆ ಏನು ಕೊಂಕು ಹುಡುಕಿದ್ದೀಯ? ಬೋಟುಗಳೇ ಸರಿಯಿಲ್ವೋ, ಇಲ್ಲಾ ಡಾಕ್ಟ್ರು ಹೋಗೋದೇ ಸರಿಯಿಲ್ವೋ?”

“ಬಾಯಿಗೆ ಬಂದಹಾಗೆ ಮಾತಾಡ್ಬೇಡಿ ಅಕ್ಕ,” ಎಂದು ಆಕೆ ಸಿಡುಕಿದಳು. ಆದರೆ ಮಾತು ಚುಚ್ಚಿದ ಕಡೆಯೇ ಉಳಿಯಿತು.

ನಾಲ್ಕನೆಯ ದೋಣಿ ಮೂವತ್ತೇಳು ಅಡಿಯದು. ಅದೇ ಅಚ್ಚಿನವು ಇನ್ನೂ ಮುನ್ನೂರು ಜಗತ್ತಿನ ನೀರಿನಲ್ಲಿ ಓಡಾಡುತ್ತಿದ್ದವು. ಮಾರುವವರು ನಿವೃತ್ತ ಹೆಡ್‌ಮೇಡಂ. ಮಂಡಿನೋವಿನಿಂದ ಮೆಟ್ಟಿಲು ಹತ್ತಲಾರದೆ ಬಿಟ್ಟುಕೊಡುತ್ತಿದ್ದರು. ಹಾಸಿಗೆಗಳು ಕಿರಿದಾಗಿದ್ದವು, ಉರುಳಿ ಬೀಳದಂತೆ ಬಟ್ಟೆಯ ತಡೆ ಕಟ್ಟಿತ್ತು. ಚುಕ್ಕಾಣಿಗೆ ಮುಂದೊಂದು ಗಟ್ಟಿ ಆಸರೆಯಿತ್ತು. ಡಾಕ್ಟರು ಕಣ್ಣು ಮುಚ್ಚಿ ಮೆಟ್ಟಿಲಿಂದ ಮೂತಿಯವರೆಗೂ ನಡೆದ. ಹೆಜ್ಜೆಹೆಜ್ಜೆಗೂ ಹಿಡಿ ಸಿಕ್ಕಿತು. ಎಲ್ಲಿಯೂ ಆಕೆಯ ಕೈ ಸಿಗಲಿಲ್ಲ. ಅದನ್ನು ಇಬ್ಬರೂ ಗಮನಿಸಿದರು.

ಹೆಡ್‌ಮೇಡಂ ಗಡುವು ಕೊಟ್ಟಿದ್ದರು: ಶನಿವಾರ ಮಧ್ಯಾಹ್ನ ಹನ್ನೆರಡು. ಒಪ್ಪಿದರೆ ಅಂದೇ ದೋಣಿಯನ್ನು ನೀರಿಗಿಳಿಸಿ ಓಡಿಸಿ ನೋಡುವುದು; ಇಲ್ಲವಾದರೆ ಸೋಮವಾರ ಇನ್ನೊಬ್ಬ ಗಿರಾಕಿ ಬರುತ್ತಾನೆ.

ಶುಕ್ರವಾರ ಆಕೆ ದೋಣಿಯ ತಳವನ್ನು ತಟ್ಟುತ್ತ ಬಂದಳು. ಟಣ್, ಟಣ್, ಟಣ್. ಕೀಲ್ ಎಂದರೆ ದೋಣಿ ಮಗುಚದಂತೆ ತಳದಿಂದ ಇಳಿಬಿದ್ದಿರುವ ಎರಡೂವರೆ ಟನ್ನಿನ ಕಬ್ಬಿಣ. ಅದರ ಬುಡದ ಎಡಬದಿಯಲ್ಲಿ, ಅಂಗೈಯಷ್ಟು ಜಾಗದಲ್ಲಿ, ಸುತ್ತಿಗೆ ‘ಡಬ್’ ಎಂದಿತು.

ಮತ್ತೆ ತಟ್ಟಿದಳು. ಡಬ್. ಪಕ್ಕಕ್ಕೆ ಸರಿದು ತಟ್ಟಿದಳು. ಟಣ್. ಹನ್ನೊಂದು ಸಲ ತಟ್ಟಿದಳು. ಕೊನೆಗೆ ತಾನು ಕೇಳುತ್ತಿರುವುದು ದೋಣಿಯನ್ನೋ ತನ್ನನ್ನೋ ಎಂಬುದೇ ತಿಳಿಯದಾಯಿತು.

ಇಂಥ ದೋಣಿಗಳ ಹೊಟ್ಟೆಯಲ್ಲಿ ಒಂದು ಒಳಚೌಕಟ್ಟನ್ನು ಅಂಟಿನಿಂದ ಕೂರಿಸಿರುತ್ತಾರೆ. ಕೀಲಿನ ಭಾರವನ್ನೆಲ್ಲ ಹೊರುವುದು ಅದೇ. ಎಂದೋ ಬಂಡೆಗೆ ತಾಗಿ ಆ ಅಂಟು ಬಿಟ್ಟಿದ್ದರೆ ದಡದಲ್ಲಿ ಏನೂ ಕಾಣುವುದಿಲ್ಲ. ನಡುಸಮುದ್ರದಲ್ಲಿ ಕೀಲ್ ಕಳಚಿ, ಉಸಿರೆಳೆಯುವಷ್ಟರಲ್ಲಿ ದೋಣಿ ಮಗುಚುತ್ತದೆ. ಆ ಶಬ್ದ ನಿಜವಾಗಿದ್ದರೆ ಡಾಕ್ಟರ ಜೀವ ಹೋಗುತ್ತದೆ. ಸುಳ್ಳಾಗಿದ್ದರೆ, ತನಗೆ ಆತ ಬೇಕೆಂಬ ಒಂದೇ ಕಾರಣಕ್ಕೆ ಒಳ್ಳೆಯ ದೋಣಿಗೆ ಕಳಂಕ ಹಚ್ಚಿದಂತಾಗುತ್ತದೆ.

ಆಕೆ ಸುತ್ತಿಗೆಯನ್ನು ಚೀಲಕ್ಕೆ ಹಾಕಿದಳು.

“ನಾನು ಇದಕ್ಕೆ ಸಹಿ ಹಾಕಲ್ಲ ಡಾಕ್ಟ್ರೇ.”

“ಕೆಟ್ಟಿದೆಯಾ?”

“ಗೊತ್ತಿಲ್ಲ.”

“ನಿಮಗೇ ಗೊತ್ತಿಲ್ವಾ?”

“ಬೇರೆ ಪರೀಕ್ಷಕರನ್ನ ಕರೆಸಿ.”

“ನಾಳೆ ಹನ್ನೆರಡರೊಳಗೆ ಯಾರು ಬರ್ತಾರೆ? ಕಾರಣ ಹೇಳಿ.”

ಆಕೆ ಚೀಲದ ಜಿಪ್ಪನ್ನು ಎಳೆದಳು; ಅದು ಅರ್ಧಕ್ಕೇ ಸಿಕ್ಕಿಕೊಂಡಿತು. “ನಿಮ್ಮ ಅಮ್ಮನ ಹಲ್ಲು ನೀವೇ ಕೀಳ್ತೀರಾ?”

“ಇಲ್ಲಪ್ಪ. ಕೈ ನಡುಗುತ್ತೆ. ಬೇರೆ ಡಾಕ್ಟರ ಹತ್ರ ಕಳಿಸ್ತೀನಿ.”

“ನನಗೆ ಕಿವಿ ನಡುಗ್ತಿದೆ.”

ಹೇಳಿದ ಮೇಲೆ ತಾನೇನು ಹೇಳಿದೆನೆಂಬುದು ಆಕೆಗೆ ಹೊಳೆಯಿತು. ಆತ ಒಂದು ಹೆಜ್ಜೆ ಮುಂದೆ ಬಂದ, ಬಾಯಿ ತೆರೆದ. ಆಕೆ ಆತನಿಗೆ ಮಾತಾಡಲು ಬಿಡಲಿಲ್ಲ.

“ಕಣ್ಣಿಂದ ನೋಡೋ ಪರೀಕ್ಷೆ ಒಂದಿದೆ,” ಎಂದಳು ಒಂದೇ ಉಸಿರಿಗೆ. “ಒಳಚೌಕಟ್ಟಿಂದ ಬೋಟಿನ ಮೈವರೆಗೂ ಅಡ್ಡವಾಗಿ ಪೆನ್ಸಿಲ್ ಗೆರೆ ಎಳೀತೀನಿ. ಮಾವ ಬೋಟನ್ನ ಎತ್ತಿ, ಮೆಲ್ಲಗೆ ಕೀಲಿನ ಮೇಲೆ ಕೂರಿಸ್ತಾರೆ. ಅಂಟು ಬಿಟ್ಟಿದ್ರೆ ಎರಡರ ನಡುವೆ ಗೆರೆ ಮುರಿಯುತ್ತೆ. ನೋಡೋರು ನೀವು. ನಾನು ಒಳಗೆ ಬರೋದೇ ಇಲ್ಲ.”

ಶನಿವಾರ ಹನ್ನೊಂದಕ್ಕೆ ಗೆರೆ ಎಳೆದು ಆಕೆ ಕೆಳಗಿಳಿದಳು. ಡಾಕ್ಟರು ಟಾರ್ಚ್ ಹಿಡಿದು ಹತ್ತಿದ.

“ಎತ್ತಿದ ಬೋಟಲ್ಲಿ ಮನುಷ್ಯ ಇರಬಾರ್ದು ಕಣೇ, ರೂಲ್ಸು!” ಎಂದು ಮಾವ ಕ್ರೇನಿನಿಂದ ಕೂಗಿದರು.

“ನಾಲ್ಕೇ ಬೆರಳು ಎತ್ತಿ ಮಾವ!”

ದೋಣಿಯ ಹೊಟ್ಟೆಗೆ ಸುತ್ತಿದ್ದ ಕ್ರೇನಿನ ಪಟ್ಟಿಗಳು ಬಿಗಿದವು. ಏಳು ಟನ್ನು ನಾಲ್ಕು ಬೆರಳು ಮೇಲೆದ್ದು ನಿಂತಿತು. ಹೆಡ್‌ಮೇಡಂ ಕವುಚಿದ ಬಕೆಟ್ಟಿನ ಮೇಲೆ ಕುಳಿತು ಗಡಿಯಾರ ನೋಡುತ್ತಿದ್ದರು. ಪರೀಕ್ಷಕಿ ದೋಣಿಗೆ ಬೆನ್ನು ಹಾಕಿ ನಿಂತಿದ್ದಳು. ಕಬ್ಬಿಣ ನೆಲ ಮುಟ್ಟಿದ ಸದ್ದು ಅಂಗಾಲಿನಿಂದ ಮೇಲಕ್ಕೆ ಬಂತು.

ಮೇಲಿನ ಬಾಗಿಲಿಂದ ಡಾಕ್ಟರ ತಲೆ ಕಾಣಿಸಿತು.

“ಮುರೀತು.”

ಆಕೆಗೆ ಮೊದಲು ಬಂದದ್ದು ಸಂತೋಷ. ಆತ ಹೋಗುವುದಿಲ್ಲ, ತನ್ನ ಕಿವಿಯೂ ಸುಳ್ಳಾಡಿಲ್ಲ. ಅದರ ಬೆನ್ನಿಗೇ ಹದಿನಾಲ್ಕು ವರ್ಷದ ಅಭ್ಯಾಸ ಬಾಯಿಗೆ ಬಂತು.

“ಎಷ್ಟು?”

“ಏನೆಷ್ಟು?”

“ಗೆರೆ ಎಷ್ಟು ಜರುಗಿತು? ಎಷ್ಟು ಮಿಲಿಮೀಟರ್?”

ಡಾಕ್ಟರು ಆಕಾಶ ನೋಡಿದ. “ಒಂದು... ಎರಡು.”

“ಒಂದಾ? ಎರಡಾ?”

ಡಾಕ್ಟರ ತಲೆ ಒಳಕ್ಕೆ ಹೋಯಿತು. ಆಕೆ ಚಪ್ಪಲಿ ಬಿಟ್ಟು ಏಣಿ ಹತ್ತಿದಳು.

ಒಳಗೆ ಟಾರ್ಚಿನ ಬೆಳಕಿನಲ್ಲಿ ಗೆರೆ ತಾನು ಎಳೆದಂತೆಯೇ ಇತ್ತು. ಚೌಕಟ್ಟಿನಿಂದ ಮೈಗೆ ದಾಟುವಲ್ಲಿ ಕೂದಲೆಳೆಯಷ್ಟೂ ಕದಲಿರಲಿಲ್ಲ. ಆಕೆ ಉಗುರಿನಿಂದ ಅದನ್ನು ಉದ್ದಕ್ಕೂ ಸವರಿದಳು.

“ಇದು ಮುರಿದಿದೆಯಾ ಡಾಕ್ಟ್ರೇ?”

“ಇಲ್ಲ.”

“ಮತ್ತೆ?”

“ನೋಡ್ದೆ, ಹಾಗೇ ಇತ್ತು. ನಾಳೆಯಿಂದ ನನಗೆ ನೋಡೋಕೆ ಬೋಟು ಇರಲ್ಲ, ನೀವು ಬರಲ್ಲ ಅಂತ ಹೊಳೀತು. ಬಾಯಿ ತಾನಾಗೇ ಹೇಳ್ಬಿಡ್ತು.”

“ಮುರೀತು ಅನ್ನೋ ಮಾತು ಈ ಅಂಗಳದಲ್ಲಿ ಹಬ್ಬಿದ್ರೆ ಈ ಬೋಟನ್ನ ಇನ್ಯಾರೂ ಮುಟ್ಟಲ್ಲ. ಆ ಅಮ್ಮ ಕೆಳಗೆ ಕೂತಿದ್ದಾರೆ.” ಆಕೆ ಬಾಗಿಲ ಕಡೆ ಬೆರಳು ತೋರಿಸಿದಳು. “ಈಗಲೇ ಹೇಳಿ. ಇಲ್ಲಿಂದಲೇ.”

ಆತ ಬಾಗಿಲಿಂದ ತಲೆ ಹೊರಹಾಕಿ ಅಂಗಳಕ್ಕೆಲ್ಲ ಕೇಳುವಂತೆ ಕೂಗಿದ. “ಸುಳ್ಳು ಹೇಳ್ದೆ! ಗೆರೆ ಮುರಿದಿಲ್ಲ! ಬೋಟು ಗಟ್ಟಿಯಾಗಿದೆ!”

“ಹಲ್ಲಿನ ಡಾಕ್ಟ್ರನ್ನ ಯಾರಾದ್ರೂ ಕಣ್ಣಿನ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ,” ಎಂದರು ಹೆಡ್‌ಮೇಡಂ ಕುಳಿತಲ್ಲಿಂದಲೇ.

ಆತ ಒಳಗೆ ಬಂದ. “ಹೇಳಿದ್ದಾಯ್ತು. ಈಗ ನೀವು ಹೇಳಿ. ಆ ಶಬ್ದ ಏನು?”

ಆಕೆ ಉತ್ತರ ಹುಡುಕುತ್ತ ಎಡಗಡೆಯ ಸೀಟಿಗೆ ಒರಗಿದಳು. ಪಟ್ಟಿಗಳಲ್ಲಿ ದೋಣಿ ಒಂದಿಷ್ಟು ಅಲುಗಿತು. ಸೀಟಿನ ಕೆಳಗೆ ‘ಗುಳುಂ’ ಎಂದಿತು.

ಆಕೆ ಕಣ್ಣು ಮುಚ್ಚಿಕೊಂಡಳು.

“ನೀರಿನ ಟ್ಯಾಂಕು. ಓಡಿಸಿ ನೋಡೋಕೆ ಅಂತ ತುಂಬಿಸಿಟ್ಟಿದ್ದಾರೆ. ಮೈಯ ಹಿಂದೆ ನೀರಿದ್ರೆ ಯಾವ ಬೋಟಾದ್ರೂ ಡಬ್ ಅಂತಲೇ ಅನ್ನುತ್ತೆ. ಟ್ಯಾಂಕು ತುಂಬಿದೆಯಾ ಅಂತ ಮೊದಲು ಕೇಳ್ಬೇಕು. ಕೆಲಸಕ್ಕೆ ಸೇರಿದ ಮೊದಲ ವಾರ ಕಲಿಸ್ತಾರೆ.”

“ನೀವು ಸೇರಿ ಎಷ್ಟು ವರ್ಷ ಆಯ್ತು?”

“ನಕ್ಕರೆ ಜೋಕೆ.”

ಆತ ನಕ್ಕ. ಆಕೆ ನಗಬಾರದೆಂದು ತುಟಿ ಕಚ್ಚಿದಳು. ಕಣ್ಣು ಮಾತು ಕೇಳಲಿಲ್ಲ. ಹಾಯಿ ಹೊಲಿಯುವ ಅಕ್ಕನ ಪಾಠದ ಪ್ರಕಾರ ಇಬ್ಬರೂ ಅಪ್ಪಿಕೊಂಡದ್ದು ಇಲ್ಲಿಯೇ. ಹೇಳಿದವರು ಅದನ್ನು ಒಪ್ಪಲಿಲ್ಲ: “ನೆಲದ ಹಲಗೆ ತೆಗೆದು ಕಾಲಿಡೋಕೆ ಜಾಗ ಇಲ್ಲ, ಅಪ್ಕೊಳ್ಳೋದೆಲ್ಲಿಂದ ಬಂತು!”

ಆಕೆ ಮಂಡಿಯ ಮೇಲೆ ಹಾಳೆಯಿಟ್ಟು ಬರೆದಳು: ದೋಣಿ ದೂರ ಪ್ರಯಾಣಕ್ಕೆ ಯೋಗ್ಯವಾಗಿದೆ. ಸಹಿ ಹಾಕಿ ಆತನ ಕೈಗಿಟ್ಟಳು.

“ತಗೊಳ್ಳಿ. ಇನ್ನು ಬೋಟಿನ ನೆಪ ನಿಮಗೂ ಇಲ್ಲ, ನನಗೂ ಇಲ್ಲ. ಹೋಗೋದಾದ್ರೆ ಹೋಗಿ. ಹೇಳೋದಿದ್ರೆ ಹೇಳಿ.”

ಆತ ಹಾಳೆಯನ್ನು ಓದಲಿಲ್ಲ. “ಒಬ್ಬನೇ ಹೋಗ್ಬೇಕು ಅಂತ ಹೊರಟೋನು ನಾನು. ಒಬ್ಬನೇ ಹೋಗೋ ಆಸೆ ಮೊದಲನೇ ಬೋಟಲ್ಲೇ ಹೋಯ್ತು. ಅದನ್ನ ಹೇಳೋಕೆ ಇನ್ನೂ ಮೂರು ಬೋಟು ಬೇಕಾಯ್ತು. ನನ್ನ ಜೊತೆ ಬರ್ತೀರಾ?”

ಆಕೆ ಪೆನ್ನಿನ ಮುಚ್ಚಳ ಹಾಕಿದಳು. “ಇಷ್ಟು ವರ್ಷ ಬೇರೆಯವರು ಹೋಗೋ ಬೋಟಿಗೆ ಸಹಿ ಹಾಕಿದ್ದೀನಿ. ನೀರಿಗಿಳಿಸೋ ಹೊತ್ತಿಗೆ ಇಳಿದು ದಡದಲ್ಲಿ ನಿಂತುಬಿಡ್ತೀನಿ. ಅದಕ್ಕಿಂತ ಮುಂದೆ ಗೊತ್ತಿಲ್ಲ ನನಗೆ. ಭಯ ಆಗುತ್ತೆ.”

“ನನಗೂ ಆಗುತ್ತೆ.”

“ನಿಮಗ್ಯಾಕೆ ಭಯ?”

“ನೀವು ಬರಲ್ಲ ಅಂದ್ಬಿಟ್ರೆ ಅಂತ.”

ಹೊರಗಿನಿಂದ ಮಾವನ ಕೂಗು ಬಂತು. “ಏನ್ರಪ್ಪಾ, ಎಷ್ಟೊತ್ತು ಹಿಡ್ಕೊಂಡಿರ್ಲಿ ಇದನ್ನ? ಹನ್ನೆರಡಕ್ಕೆ ಐದು ನಿಮಿಷ ಇದೆ. ಬೇಡ ಅಂದ್ರೆ ಸ್ಟ್ಯಾಂಡಿನ ಮೇಲೆ ಇಡ್ತೀನಿ. ಬೇಕು ಅಂದ್ರೆ ನೀರಿಗೆ ಬಿಡ್ತೀನಿ. ಏನ್ಮಾಡ್ಲಿ ಹೇಳಿ!”

ಡಾಕ್ಟರು ಅಲುಗಲಿಲ್ಲ. ಆತನ ದೃಷ್ಟಿ ಆಕೆಯ ಮುಖದಲ್ಲಿತ್ತು. ಆಕೆ ಎದ್ದಳು. ಮೆಟ್ಟಿಲು ಹತ್ತಿ ಬಾಗಿಲಿಂದ ತಲೆ ಹೊರಹಾಕಿದಳು. ಬಿಸಿಲಿಗೆ ಕಣ್ಣು ಕಿರಿದಾಯಿತು.

“ನೀರಿಗೆ, ಮಾವ.”

“ಹಂಗಾದ್ರೆ ಇಳಿದು ಬಾ ನೀನು. ಏಣಿ ತೆಗೀಬೇಕು.”

ಆಕೆ ಒಂದು ಸಲ ಏಣಿಯನ್ನು ನೋಡಿದಳು, ಒಂದು ಸಲ ಒಳಕ್ಕೆ.

“ಏಣಿ ತೆಗೀರಿ,” ಎಂದಳು.

ಕಥೆ ಹೇಳಿದವರು ಇಲ್ಲಿಗೆ ನಿಲ್ಲಿಸಿದರು. ಎಂಟು ಮಂದಿಯಲ್ಲಿ ಒಬ್ಬರು, “ರೂಲ್ಸು?” ಎಂದು ಕೇಳಿದರು. “ಏಣಿ ತೆಗೆದೆ,” ಎಂದಷ್ಟೇ ಉತ್ತರ ಬಂತು. ಹಾಯಿ ಹೊಲಿಯುವ ಅಕ್ಕ ಮೆಷಿನ್ನಿಗೆ ಬಟ್ಟೆ ಹೊದಿಸಿದರು. ಕೇಳಿದವರು ಮಡಿಲಿಗೆ ಅಂಟಿದ ದಾರದ ಚೂರುಗಳನ್ನು ಕೊಡವಿಕೊಂಡು ಎದ್ದು, ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ಒಬ್ಬೊಬ್ಬರಾಗಿ ಮನೆಯ ಕಡೆ ನಡೆದರು.