ನಾನು ಹಾಕಿದ ಟಿಕ್

ಇದನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ. ನಾನು ಮಾನಸಿಕ ಆರೋಗ್ಯ ವಿಭಾಗದ ನರ್ಸ್. ಪಾವಗಡದ ಕಡೆ ಸೋಲಾರ್ ಪ್ಲೇಟುಗಳ ನಡುವಿನ ಒಂದು ಮನೆಯಲ್ಲಿ ಹದಿನಾರರ ಅನುಷಾ, ಹಿಂದಿನ ಕೋಣೆಯಿಂದ ಸತ್ತ ಸೋದರತ್ತೆ ನೀರು ಕೇಳುತ್ತಾಳೆ ಎಂದಿದ್ದಳು. ಆ ಅತ್ತೆಗೆ ಗಾಳಿ ಮೆಟ್ಟಿದೆಯೆಂದು, ಆಸ್ಪತ್ರೆಗೂ ತೋರಿಸದೆ, ಹೆತ್ತ ತಾಯಿ, ಅಂದರೆ ಅನುಷಾಳ ಅಜ್ಜಿ ಮಂಜಮ್ಮನೇ ಅಲ್ಲಿ ಸರಪಳಿ ಹಾಕಿಸಿದ್ದಳು. ಅತ್ತೆ ಅಲ್ಲೇ ಸತ್ತಳು.

"ನಮಗ್ಯಾರ್ಗೂ ಏನೂ ಕೇಳ್ಸಕಿಲ್ಲ ಕಣಮ್ಮ, ಇವ್ಳಿಗೇ ತಲೆ ಕೆಟ್ಟೈತೆ," ಎಂದಳು ಮಂಜಮ್ಮ. ಅವಳನ್ನು ನಂಬಿ ಫಾರಂನಲ್ಲಿ 'ಭ್ರಮೆ' ಎಂಬಲ್ಲಿ ಟಿಕ್ ಹಾಕಿದೆ. ಡಾಕ್ಟರು ಮಾತ್ರೆ ಬರೆದರು.

ತಿಂಗಳ ನಂತರ, ಮಟಮಟ ಮಧ್ಯಾಹ್ನ, ಮತ್ತೆ ಹೋದೆ.

"ಈಗ ಏನೂ ಕೇಳ್ಸಲ್ಲ ಸಿಸ್ಟರ್," ಎಂದಳು ಅನುಷಾ.

ಅಷ್ಟರಲ್ಲಿ ಹಿಂದಿನ ಕೋಣೆಯಲ್ಲಿ ಸರಪಳಿ ಎಳೆದ ಸದ್ದಾಯಿತು. "ಯಮ್ಮಾ, ಒಸಿ ನೀರು ಕೊಡೇ..."

ಇನ್ಯಾರನ್ನೋ ಕಟ್ಟಿಹಾಕಿದ್ದಾರೆಂದು ರೇಗಾಡಿ ಬೀಗ ತೆಗೆಸಿದೆ. ಕೋಣೆ ಖಾಲಿ. ಹೊರಗೆ ಉರಿಬಿಸಿಲಿದ್ದರೂ ಒಳಗೆ ಬಾವಿಯ ತಂಪು. ಗೋಡೆಯ ಗೂಟದಲ್ಲಿ ಸರಪಳಿ ಅಲುಗದೆ ತೂಗುಬಿದ್ದಿತ್ತು.

ಹೊರಗೆ ಬಂದು ಕೂತೆ. ಸರಪಳಿ ಎಳೆದ ಸದ್ದು ಮತ್ತೆ ಕೇಳಿಸಿತು. ಅನುಷಾ ತಲೆ ಎತ್ತಲಿಲ್ಲ. ನಾನು ತಿರುಗಿ ನೋಡುವ ಮೊದಲೇ ಮಂಜಮ್ಮ ರಿಮೋಟು ತೆಗೆದುಕೊಂಡು ಟಿವಿಯ ಸದ್ದು ಜೋರು ಮಾಡಿದಳು.