ಬಂದ ತಪ್ಪಿಗೆ ಒಂದು ಲೋಟ ನೀರು

ಅವಳು ಮುಟ್ಟಲಿಲ್ಲ, ಬರೀ ಹತ್ತಿರ ಬಗ್ಗಿದಳು ಅಷ್ಟೇ. ಜೇಡ್ ಗಿಡದ ಇನ್ನೊಂದು ದಪ್ಪ ಎಲೆ ಕಿಟಕಿಕಟ್ಟೆಯ ಮೇಲೆ ಟಪ್ಪೆಂದು ಬಿತ್ತು.

ಕಾಂಡವನ್ನು ಬೆರಳಲ್ಲಿ ಒತ್ತಿ ನೋಡಿದಳು. ಕಳಿತ ಬಾಳೆಹಣ್ಣಿನ ಹಾಗೆ ಮೆತ್ತಗಿತ್ತು. ಈ ಮನೆಯ, ಈ ಗಿಡದ ಯಜಮಾನ ಇವತ್ತು ಸಂಜೆಯೇ ವಾಪಸ್ ಬರುವವನಿದ್ದ.

ಯಜಮಾನ ಎಂದರೆ ಮೇಲಿನ ಮಹಡಿಯ ಲಿಫ್ಟ್ ಮೆಕ್ಯಾನಿಕ್. ಅವಳು ಕೆಳಗಿನ ಮಹಡಿಯ ಟೈಲರ್. ಅವರ ಪರಿಚಯವಾದದ್ದೇ ಲಿಫ್ಟ್ ಕೆಟ್ಟು ನಿಂತ ದಿನ. ಗಿರಾಕಿಯ ಕೋಟು ಹಿಡಿದುಕೊಂಡು ಒಳಗೆ ಸಿಕ್ಕಿಬಿದ್ದಿದ್ದಳು. ಸುಮ್ಮನೆ ಕೂರುವ ಜಾಯಮಾನ ಅವಳದಲ್ಲ; ಲಿಫ್ಟಿನ ನೆಲದ ಮೇಲೆ ಕೂತು ಗುಂಡಿ ಹೊಲಿಯತೊಡಗಿದ್ದಳು. ಅವನು ಬೆವರು ಸುರಿಸಿ ಬಾಗಿಲು ತೆರೆದರೆ ತಲೆ ಕೂಡ ಎತ್ತದೆ, "ಒಂದು ನಿಮಿಷ, ಈ ಗುಂಡಿ ಮುಗಿದುಬಿಡ್ಲಿ" ಅಂದಳು.

ಅವನು ಬಾಗಿಲು ಹಿಡಿದುಕೊಂಡು ಕಾದ. ಹಲ್ಲಲ್ಲಿ ದಾರ ಕಡಿದು ಅವಳು ಕಣ್ಣೆತ್ತಿದಾಗ ಅವನು ನಗುತ್ತಿದ್ದ. ಮೊದಲು ಕಣ್ಣಲ್ಲಿ ಶುರುವಾಗಿ, ತುಟಿಗೆ ತಡವಾಗಿ ಬರುವ ನಗು ಅದು.

"ಮುಗೀತಾ ಟೈಲರಮ್ಮ? ಇನ್ನು ಲಿಫ್ಟ್ ಇಳೀಬಹುದಾ?"

ಆಮೇಲೆ ಅವನ ಅಂಗಿಗಳಿಗೆ ಏನಾಯಿತೋ, ವಾರ ವಾರ ಗುಂಡಿ ಬೀಳತೊಡಗಿದವು. ಮಷೀನಿನ ಪಕ್ಕ ಕೂತು ಅಂಚು ಮಡಚಿ ಹೊಲಿಯುವ ಚಿಕ್ಕಮ್ಮ ಕನ್ನಡಕದ ಮೇಲಿಂದ ನೋಡಿ ಕೇಳುತ್ತಿದ್ದಳು, "ಈ ಹುಡುಗನ ಗುಂಡಿ ತಾನಾಗೇ ಬೀಳುತ್ತೋ, ಬೀಳಿಸ್ತಾನೋ?"

"ನಿಂಗೆ ಬೇರೆ ಕೆಲಸ ಇಲ್ವಾ ಚಿಕ್ಕಮ್ಮ," ಎಂದು ಅವಳು ಮುಖ ತಿರುಗಿಸುತ್ತಿದ್ದಳು. ಕಿವಿ ಮಾತ್ರ ಕೆಂಪಾಗುತ್ತಿತ್ತು.

ಅಷ್ಟರಲ್ಲಿ ಹೊಸ ಆಸ್ಪತ್ರೆಯೊಂದಕ್ಕೆ ಲಿಫ್ಟ್ ಕೂರಿಸಲು ಅವನನ್ನು ಬೇರೆ ಊರಿಗೆ ಕಳಿಸಿದರು. ಎರಡು ತಿಂಗಳ ಕೆಲಸ. ಹೊರಡುವ ಮುಂಚೆ ಮನೆಯ ಕೀಲಿ ಅವಳ ಕೈಗಿಟ್ಟು ಕಿಟಕಿಯ ಜೇಡ್ ಗಿಡ ತೋರಿಸಿದ.

"ಇದು ಅಮ್ಮ ಬೆಳೆಸಿದ ಗಿಡದ್ದು. ಅಮ್ಮ ಹೋದ ಮೇಲೆ ಅಕ್ಕ ಒಂದು ರೆಂಬೆ ಮುರಿದು ಕೊಟ್ಟಳು. ದೊಡ್ಡ ಗಿಡ ಈಗ ಇಲ್ಲ, ಉಳಿದಿರೋದು ಇದೊಂದೇ. ಇದಕ್ಕೆ ನೀರು ಜಾಸ್ತಿ ಆಗ್ಬಾರ್ದು. ಹದಿನೈದು ದಿನಕ್ಕೊಂದ್ಸಲ ಮಣ್ಣೊಳಗೆ ಬೆರಳಿಟ್ಟು ನೋಡಿ. ಪೂರ್ತಿ ಒಣಗಿದ್ರೆ ಮಾತ್ರ ಹಾಕಿ."

ಅವಳಿಗೆ ಚೆನ್ನಾಗಿಯೇ ಅರ್ಥವಾಗಿತ್ತು. ಮೊದಲ ಸಲ ಹೇಳಿದ ಹಾಗೇ ಮಾಡಿದಳು. ನೀರು ಹಾಕಿ ತಿರುಗಿದರೆ ಗೋಡೆಯ ಮೊಳೆಗೆ ಅವನ ಹಳೇ ಜಾಕೆಟ್ಟು, ಟೀ ಕಪ್ಪಿನ ಪಕ್ಕ ಒಂದು ಸ್ಪ್ಯಾನರ್, ಕಿಟಕಿಯ ಬಳಿ ಒಂದು ಕುರ್ಚಿ. ಕೂತಳು. ಏಳಲು ಮನಸ್ಸಾಗಲಿಲ್ಲ.

ಮರುದಿನ ಕಾಲು ತಾನಾಗೇ ಮೇಲಕ್ಕೆ ಕರೆದುಕೊಂಡು ಬಂತು. ಆದರೆ ಕೆಲಸವಿಲ್ಲದೆ ಇನ್ನೊಬ್ಬರ ಮನೆಯ ಬೀಗ ತೆಗೆಯುವುದು ತಪ್ಪಲ್ಲವೇ? ಮನಸ್ಸು ಚುಚ್ಚಿತು. ಬಂದ ತಪ್ಪಿಗೆ ಗಿಡಕ್ಕೆ ಒಂದು ಲೋಟ ನೀರು ಹಾಕಿ ನೆಮ್ಮದಿಯಾಗಿ ಕೂತಳು. ಅದರ ಮರುದಿನವೂ ಬಂದಳು, ಲೋಟವೂ ಬಂತು. ಅವನು ಫೋನ್ ಮಾಡಿ "ಗಿಡ ಹೇಗಿದೆ?" ಅಂದಾಗಲೆಲ್ಲ "ಚೆನ್ನಾಗಿದೆ" ಅನ್ನುತ್ತಿದ್ದಳು. ಎಲೆ ಹಳದಿಯಾದ ಮೇಲೂ ಹಾಗೇ ಅಂದಳು.

ಈಗ ಬಾಗಿಲಲ್ಲಿ ಹೆಜ್ಜೆ ಸದ್ದಾಯಿತು.

ಹೆಗಲಿಂದ ಬ್ಯಾಗ್ ಇಳಿಸುತ್ತಿದ್ದವನ ಕೈ ಅರ್ಧಕ್ಕೇ ನಿಂತಿತು. ಕಿಟಕಿಯ ಬಳಿ ಹೋಗಿ ಕುಂಡ ಎತ್ತಿದ. ಕುಂಡ ಭಾರವಾಗಿತ್ತು, ತಳದಿಂದ ನೀರು ತೊಟ್ಟಿಕ್ಕಿತು.

"ಎಷ್ಟು ಸಲ ಹಾಕಿದ್ರಿ?"

ಅವಳು ಉದುರಿದ ಎಲೆಗಳನ್ನು ಒಂದೊಂದಾಗಿ ಆಯತೊಡಗಿದಳು.

"ಅಷ್ಟು ಹೇಳಿ ಹೋಗಿದ್ದೆ," ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಅವಳಿಗೆ ಹೆಚ್ಚು ನೋವಾಯಿತು. "ನನ್ನ ಮಾತನ್ನ ನೀವು ಕಿವಿಗೇ ಹಾಕ್ಕೊಳ್ಳಲಿಲ್ಲ, ಅಲ್ವಾ?"

ಬೇರೇನಂದಿದ್ದರೂ ಸಹಿಸುತ್ತಿದ್ದಳು. ಇದೊಂದನ್ನು ಸಹಿಸಲಾಗಲಿಲ್ಲ.

"ಪ್ರತಿ ಮಾತೂ ನೆನಪಿದೆ," ಅಂದಳು. "ದಿನಾ ಹಾಕಿದೆ. ಗೊತ್ತಿದ್ದೂ ಹಾಕಿದೆ. ನೀವಿಲ್ಲ ಅಂತ ಕೆಳಗೆ ಕೂತ್ರೆ ಕೈಗೆ ಕೆಲಸ ಹತ್ತುತ್ತಿರ್ಲಿಲ್ಲ. ಇಲ್ಲಿ ಬಂದು ಕೂರೋಕೆ ಈ ಗಿಡ ಬಿಟ್ರೆ ನಂಗೆ ಬೇರೆ ನೆಪ ಇರ್ಲಿಲ್ಲ."

ಹೇಳಿದ ಮೇಲೆ ಕೀಲಿಯನ್ನು ಮೇಜಿನ ಮೇಲಿಟ್ಟು ಬಾಗಿಲ ಕಡೆ ನಡೆದಳು. ಕಣ್ಣು ತುಂಬಿ ಹೊಸಿಲು ಸರಿಯಾಗಿ ಕಾಣಲಿಲ್ಲ.

"ನಿಮ್ಮ ಹತ್ರ ಹರಿತವಾದ ಬ್ಲೇಡ್ ಇರುತ್ತಲ್ವಾ?" ಹಿಂದಿನಿಂದ ಅವನ ದನಿ ಬಂತು. "ತರ್ತೀರಾ? ಕೊಳೆಯದ ತುದಿ ಒಂದು ಸಿಕ್ರೂ ಗಿಡ ಉಳಿಯುತ್ತೆ."

ಅವಳು ಓಡಿಹೋಗಿ ತಂದಳು. ಇಬ್ಬರೂ ನೆಲದ ಮೇಲೆ ಕೂತರು. ಅವನು ಗಿಡ ಹಿಡಿದ, ಅವಳು ಕತ್ತರಿಸಿದಳು. ಕಾಂಡದ ಒಳಗೆ ಕೊಳೆತ ಕಂದು. ಇನ್ನೂ ಮೇಲೆ ಕತ್ತರಿಸಿದಳು, ಅಲ್ಲೂ ಕಂದು. ಗಿಡ ಗಿಡ್ಡವಾಗುತ್ತಾ ಹೋಯಿತು. ಬೆರಳುದ್ದದ ತುದಿ ಉಳಿದಿತ್ತು. ಅವಳು ಬ್ಲೇಡನ್ನು ಹಿಂದಕ್ಕೆಳೆದುಕೊಂಡಳು. ಅವನು ಆ ಕೈಯನ್ನು ಹಿಡಿದು ಮತ್ತೆ ಕಾಂಡದ ಮೇಲಿಟ್ಟ. ಬ್ಲೇಡು ಇಳಿಯಿತು.

ಹಸಿರು. ಕಲೆಯಿಲ್ಲದ, ಗಟ್ಟಿ ಹಸಿರು.

ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟರು. ಅವನು ಹಿಡಿದ ಕೈಯನ್ನು ಬಿಡುವುದು ಮರೆತಿದ್ದ, ಅವಳೂ ನೆನಪಿಸಲಿಲ್ಲ.

"ಈಗೇನು ಮಾಡ್ಬೇಕು?"

"ಏನೂ ಮಾಡ್ಬಾರ್ದು. ಗಾಯ ಒಣಗೋವರೆಗೂ ಹಾಗೇ ಬಿಡ್ಬೇಕು. ಆಮೇಲೆ ಒಣ ಮಣ್ಣಲ್ಲಿ ನೆಡ್ಬೇಕು. ಬೇರು ಬರೋವರೆಗೂ ಒಂದು ಹನಿ ನೀರೂ ಇಲ್ಲ."

"ಹಾಗಾದ್ರೆ ನಂಗೆ ಇಲ್ಲಿ ಕೆಲಸ ಇಲ್ಲ."

"ಇಲ್ಲ," ಅಂದ ಅವನು. ಆಮೇಲೆ ಆ ತಡವಾದ ನಗು ತುಟಿಗೆ ಬಂತು. "ಕೆಲಸ ಇಲ್ದೆ ಬನ್ನಿ. ಎಲ್ಲಿ ಕೂರ್ತಿದ್ರಿ?"

ಅವಳು ಕುರ್ಚಿ ತೋರಿಸಿದಳು.

"ಅಯ್ಯೋ, ಅದರ ಒಂದು ಕಾಲು ಅಲ್ಲಾಡುತ್ತಲ್ಲ."

"ಈಗ ಅಲ್ಲಾಡಲ್ಲ."

ಅವನು ಬಗ್ಗಿ ನೋಡಿದ. ಕುರ್ಚಿಯ ಕಾಲಿನ ಕೆಳಗೆ ಕೋಟಿನ ಬಟ್ಟೆಯ ತುಂಡೊಂದನ್ನು ಅಚ್ಚುಕಟ್ಟಾಗಿ ಮಡಚಿ, ಅಂಚಿಗೆ ಹೊಲಿಗೆ ಹಾಕಿ ಅವಳು ಇಟ್ಟಿದ್ದಳು. ಅವನು ಆ ಹೊಲಿಗೆಯ ಮೇಲೆ ಬೆರಳಾಡಿಸಿದ.

ಗಿಡ ಚೇತರಿಸಿಕೊಳ್ಳಲು ತನ್ನದೇ ಸಮಯ ತೆಗೆದುಕೊಂಡಿತು. ಅವಳು ದಿನಾ ಬರುತ್ತಿದ್ದಳು, ಕೈಕಟ್ಟಿ ಕೂರುತ್ತಿದ್ದಳು. ನೀರು ಹಾಕದಿರುವುದು ಅವಳ ಜೀವಮಾನದ ಅತಿ ಕಷ್ಟದ ಕೆಲಸವಾಗಿತ್ತು. ಒಂದು ಬೆಳಿಗ್ಗೆ ಅವನು ನೆಟ್ಟಿದ್ದ ತುದಿಯನ್ನು ಹಗುರವಾಗಿ ಎಳೆದು ನೋಡಿದ. ಅದು ಕದಲಲಿಲ್ಲ, ಮಣ್ಣನ್ನು ಹಿಡಿದುಕೊಂಡಿತ್ತು.

ಅವನು ಮೆಟ್ಟಿಲಲ್ಲೇ ಇಳಿದು ಟೈಲರ್ ಅಂಗಡಿಗೆ ಬಂದ. ಲಿಫ್ಟಿಗೆ ಕಾಯುವ ತಾಳ್ಮೆ ಲಿಫ್ಟ್ ಮೆಕ್ಯಾನಿಕ್‌ಗೇ ಇರಲಿಲ್ಲ.

"ಬೇರು ಬಂತು," ಅಂದ.

ಅವಳು ಮಷೀನ್ ನಿಲ್ಲಿಸಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಅವಳಿಗೇ ಗೊತ್ತಾಗಲಿಲ್ಲ.

ಚಿಕ್ಕಮ್ಮ ಕನ್ನಡಕದ ಮೇಲಿಂದ ಅವನ ಅಂಗಿಯನ್ನು ಕಾಲರಿನಿಂದ ಕೆಳತುದಿಯವರೆಗೆ ಪರೀಕ್ಷಿಸಿದಳು.

"ಎಲ್ಲಾ ಗುಂಡಿ ನೆಟ್ಟಗಿದೆಯಲ್ಲಪ್ಪ. ಇನ್ನೂ ನಿಂತಿದ್ದೀಯಲ್ಲ, ಏನು ಬೇಕಿತ್ತು?"

ಅವನು ಅವಳನ್ನೇ ನೋಡುತ್ತಾ ಹೇಳಿದ, "ಏನೂ ಬೇಡ ಚಿಕ್ಕಮ್ಮ. ಇವರನ್ನ ನೋಡೋಕೆ ಬಂದೆ."

"ಅಬ್ಬಾ," ಎಂದು ಚಿಕ್ಕಮ್ಮ ಸೂಜಿಗೆ ದಾರ ಪೋಣಿಸಿದಳು. "ಇಷ್ಟು ಹೇಳೋಕೆ ಎಷ್ಟು ಗುಂಡಿ ಕಿತ್ಯಪ್ಪ."